ಚಳಿಗೊಂದು ಚಿಟಿಕೆ ಕೊಸರು

ಮುನ್ನೂರ ಐವತ್ತು ಡಾಲರ್ ಹೇಳಿದ್ದನ್ನು ನೂರ ಎಂಬತ್ತಕ್ಕೆ ಇಳಿಸಿದೆ. ಬೆಲೆಯನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನೀವೂ ನನ್ನ ಹಾಗೆಯೇ ಇದ್ದರೆ, ಯಾರಾದರೂ ಒಂದು ಸಾಮಾನು ತೋರಿಸಿದ ಕೂಡಲೇ ನಿಮ್ಮ ಮನಸ್ಸು "ಎಷ್ಟಕ್ಕೆ ಬಿತ್ತು?" ಎಂಬಲ್ಲೇ ಕಾಲು ಚಾಚಿ ಕೂತಿರುತ್ತದೆ, ಅದು ತಿಳಿಯುವ ತನಕ ಮುಂದಿನ ಮಾತು ಕಿವಿಗೆ ಇಳಿಯುವುದಿಲ್ಲ. ನೂರ ಎಂಬತ್ತು. ಅದರಲ್ಲಿ ಏನೇನು ಬಂತು ಕೇಳಿ: ಉದ್ದ ಹಿಡಿಕೆಯ ಒಂದು ಕಬ್ಬಿಣದ ಪ್ರೆಸ್ಸು, ಕೈಯಲ್ಲೇ ಹಿಡಿದು ಒತ್ತುವ ಇನ್ನೊಂದು ಪುಟ್ಟ ಪ್ರೆಸ್ಸು, ಮರದ ಪೆಟ್ಟಿಗೆ ತುಂಬ ಅಚ್ಚುಗಳು, ಒಂದು ಪ್ಲಾಸ್ಟಿಕ್ ಸುತ್ತಿಗೆ, ಕೆಂಪು ಪೆನ್ಸಿಲ್ಲಿನ ಗುರುತುಗಳಿರುವ ಒಂದು ದಪ್ಪ ಪುಸ್ತಕ, ಮತ್ತು ಎಲ್ಲಕ್ಕಿಂತ ಮುದ್ದಾದ ಒಂದು ತಕ್ಕಡಿ. ಬಂಗಾರದಂಗಡಿಯ ತಕ್ಕಡಿಯೂ ಅದರ ಮುಂದೆ ಒರಟು. ಒಂದು ಗುಲಗಂಜಿಯ ತೂಕವನ್ನು ಹತ್ತು ಹದಿನೈದು ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲಿಗೂ ಅದರ ಮುಳ್ಳು ತಲೆಯಾಡಿಸುತ್ತದೆ.

ಇದೆಲ್ಲ ರೈಫಲ್ಲಿನಲ್ಲಿ ಹಾರಿಸಿ ಖಾಲಿಯಾದ ತೋಟಾಗಳನ್ನು ಮತ್ತೆ ತುಂಬುವ ಸಾಮಾನು. ತೋಟಾ ಎಂದರೆ ಮಹಾ ರಹಸ್ಯವೇನಲ್ಲ. ಒಂದು ಹಿತ್ತಾಳೆಯ ಕೊಳವೆ, ಅದರ ಬುಡಕ್ಕೆ ಕಿಡಿ ಹೊತ್ತಿಸುವ ಒಂದು ಪುಟ್ಟ ಬಟ್ಟಲು, ಹೊಟ್ಟೆಯಲ್ಲಿ ಮದ್ದು, ಬಾಯಿಗೆ ಗುಂಡು. ಹಾರಿಸಿದ ಮೇಲೆ ಹಿತ್ತಾಳೆ ಮಾತ್ರ ಉಳಿಯುತ್ತದೆ. ಅದನ್ನು ಬಿಸಾಡಲು ನನ್ನಂಥವನಿಗೆ ಮನಸ್ಸು ಬರುತ್ತದೆಯೇ? ಇಲ್ಲಿ ಬೇ ಏರಿಯಾದ ಬೆರ್ರಿಯೆಸಾದಲ್ಲಿ ಹೋಟೆಲುಗಳ ಹಳೆಯ ಒಲೆ, ಫ್ರಿಜ್ಜು, ಪಾತ್ರೆ ತೊಳೆಯುವ ಯಂತ್ರಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುತ್ತ ಇಪ್ಪತ್ತೆಂಟು ವರ್ಷ ಕಳೆದವನು ನಾನು. ಖಾಲಿಯಾದದ್ದು ಮತ್ತೆ ತುಂಬುತ್ತದೆ ಎಂದು ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಬ್ಬ ಗಿರಾಕಿ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ, ಕಾಗದದ ಗುರಿಗೆ ಹೊಡೆಯುವ ಹುಚ್ಚು ಹಿಡಿಸಿದ್ದ. ತೋಟಾ ತುಂಬಿಕೊಂಡರೆ ದುಡ್ಡು ಉಳಿಯುತ್ತದೆ ಎಂದು ಹೆಂಡತಿಗೆ ಲೆಕ್ಕ ಒಪ್ಪಿಸಿದೆ. ಉಳಿಯುವುದಿಲ್ಲ. ಎರಡರಷ್ಟು ಹಾರಿಸುತ್ತೀರಿ, ಅಷ್ಟೇ. ಇದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಮಾರಿದವರು ಡೇಲ್. ಯೂನಿಯನ್ ಸಿಟಿಯ ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆಚೆ ಇರುವ ಎಂಬತ್ತೆರಡರ ಮುದುಕರು. ನಾನು ಮನಸ್ಸಿನಲ್ಲಿ ಅವರನ್ನು ಅಜ್ಜ ಎಂದೇ ಕರೆಯುವುದು. ಕೈ ನಡುಕ ಶುರುವಾಗಿ, ಚಿಮುಟದಲ್ಲಿ ಎತ್ತಬೇಕಾದ ಸಣ್ಣ ಸಾಮಾನು ಹಿಡಿಯಲಾಗದೆ ಮಾರಲು ಹೊರಟಿದ್ದರು. ನಾನು ಅವರ ಗ್ಯಾರೇಜಿನಲ್ಲಿ ಮುಕ್ಕಾಲು ಗಂಟೆ ನಿಂತು, ಪ್ರೆಸ್ಸಿನ ತುಕ್ಕು ತೋರಿಸಿ, ಪೆಟ್ಟಿಗೆಯ ಬಿರುಕು ತೋರಿಸಿ, ಎರಡು ಸಲ ಬಾಗಿಲ ತನಕ ಹೋಗಿ ತಿರುಗಿ ಬಂದೆ. ಕೊನೆಗೆ ಅವರು ನಕ್ಕು ಹೇಳಿದರು (ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ): "ಆಯಿತು ಮಾರಾಯ, ನೂರ ಎಂಬತ್ತು. ಆದರೆ ಒಂದು ಷರತ್ತು. ಜನವರಿಯ ಶೂಟಿಂಗ್ ಸ್ಪರ್ಧೆಗೆ ನನ್ನ ಅಣ್ಣನ ರೈಫಲ್ಲಿಗೆ ಇಪ್ಪತ್ತು ತೋಟಾ ನೀನು ತುಂಬಿಕೊಡಬೇಕು."

ಆ ಅಣ್ಣ ಅದೇ ವರ್ಷದ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಅಣ್ಣತಮ್ಮ ಇಬ್ಬರೂ ಪ್ರತಿ ಜನವರಿಯಲ್ಲಿ, ಲಿವರ್‌ಮೋರಿನ ಆಚೆ ಗುಡ್ಡದಲ್ಲಿರುವ ಒಂದು ರೇಂಜಿನಲ್ಲಿ, ಹಳೆಯ ರೈಫಲ್ಲುಗಳ ಸ್ಪರ್ಧೆಗೆ ಜೊತೆಯಾಗಿ ಹೋಗುತ್ತಿದ್ದರಂತೆ. ಈ ಸಲ ಅಣ್ಣನ ರೈಫಲ್ಲಿನಿಂದ ತಾನೇ ಹತ್ತು ಗುಂಡು ಹೊಡೆದು ಅದನ್ನು ಪೆಟ್ಟಿಗೆಯಲ್ಲಿಟ್ಟುಬಿಡಬೇಕು, ಅದೇ ಕೊನೆ ಎಂದು ಡೇಲ್ ಅಜ್ಜನ ಆಸೆ. ಆ ಅಳತೆಯ ತೋಟಾ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಾಡುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಯಾರಾದರೂ ಕೈಯಾರೆ ತುಂಬಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಷರತ್ತು ಒಪ್ಪಿದ್ದು ಸೆಪ್ಟೆಂಬರಿನ ಸೆಕೆಯಲ್ಲಿ. ತುಂಬಲು ಕೂತದ್ದು ಜನವರಿಯಲ್ಲಿ. ಬೇ ಏರಿಯಾದ ಚಳಿಯನ್ನು ಚಳಿ ಎಂದರೆ ಹಿಮದ ಊರಿನವರು ನಗುತ್ತಾರೆ, ನಗಲಿ. ನಮ್ಮ ಗ್ಯಾರೇಜಿನ ಕಾಂಕ್ರೀಟು ನೆಲದ ಮೇಲೆ ಬೆಳಿಗ್ಗೆ ಒಂದು ಗಂಟೆ ಕೂತು ನೋಡಿ ಆಮೇಲೆ ಮಾತಾಡಲಿ. ಮದ್ದಿನ ಡಬ್ಬಿ ತೆರೆದಿರುವಾಗ ಹೀಟರು ಹಚ್ಚುವ ಹಾಗಿಲ್ಲ. ಕೊಳವೆಗೆ ಸವರುವ ಜಿಡ್ಡು ಮಾಗಿಯ ತುಪ್ಪದ ಹಾಗೆ ಹೆಪ್ಪುಗಟ್ಟಿ ಕೂರುತ್ತದೆ. ಬೆರಳ ತುದಿಗೆ ಸ್ಪರ್ಶವೇ ಇರುವುದಿಲ್ಲ. ತಣ್ಣಗಿನ ಹಿತ್ತಾಳೆಯನ್ನು ಬೆಚ್ಚಗಿನ ಮನೆಯೊಳಗೆ ತಂದಿರೋ, ಒಳಗೂ ಹೊರಗೂ ಬೆವರುತ್ತದೆ. ಒದ್ದೆ ಕೊಳವೆಗೆ ಮದ್ದು ಹಾಕಿದರೆ ಕಥೆ ಮುಗಿಯಿತು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ದೋಸೆ ಹಿಟ್ಟು ರಾಜಭೋಗದಲ್ಲಿತ್ತು. ನಮ್ಮವರ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಹಿಟ್ಟಿನ ಪಾತ್ರೆ ಓವನ್ನಿನೊಳಗೆ ಹೋಗುತ್ತದೆ. ಓವನ್ ಹಚ್ಚುವುದಿಲ್ಲ, ಒಳಗಿನ ದೀಪ ಮಾತ್ರ. ಆ ಕಾವಿಗೆ ಹಿಟ್ಟು ಹುಳಿ ಬಂದು ಉಬ್ಬುತ್ತದೆ. ನಾನು ಜಿಡ್ಡಿನ ಡಬ್ಬಿ, ಒಂದಿಷ್ಟು ಹಿತ್ತಾಳೆ ಕೊಳವೆ ಹಿಡಿದು ಹೋಗಿ ಓವನ್ನಿನ ಬಾಗಿಲಿಗೆ ಕೈ ಹಾಕಿದ್ದೇ ತಡ, ಹೆಂಡತಿ ಶೈಲಾ ತಿರುಗಿದಳು. ಮೈಸೂರಿನವಳು, ಇಲ್ಲಿ ಫಾರ್ಮಸಿಸ್ಟು.

"ಏನ್ರೀ ಅದು?"

"ಏನಿಲ್ಲ, ಹಿಟ್ಟಿನ ಮಗ್ಗುಲಾಗ ಒಂದಿಷ್ಟು ಜಾಗ. ಬೆಚ್ಚಗಾಗ್ಲಿ ಅಂತ."

"ಅದರಲ್ಲಿ ಸೀಸದ ಧೂಳಿರುತ್ತೆ ಅಂತ ನೀವೇ ಹೇಳಿದ್ರಲ್ವಾ? ದೋಸೆ ಜೊತೆ ಸೀಸ ತಿನ್ನಿಸ್ತೀರಾ? ನಡೀರಿ ಗ್ಯಾರೇಜಿಗೆ. ಕೈ ತೊಳ್ಕೊಂಡೇ ಒಳಗೆ ಬರ್ಬೇಕು."

ಹೀಗೆ ಹಿಟ್ಟಿಗೆ ಸಿಕ್ಕ ಮರ್ಯಾದೆ ನನಗೆ ಸಿಗದೆ, ಎರಡು ಸ್ವೆಟರು, ಒಂದು ಮಂಕಿ ಟೋಪಿ ಹಾಕಿಕೊಂಡು ಗ್ಯಾರೇಜಿನಲ್ಲೇ ಕೂತೆ. ಆದರೆ ಖುಷಿ ಎಷ್ಟಿತ್ತು ಅಂತೀರಿ! ಮದ್ದಿನ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ವಾಸನೆ ನನ್ನನ್ನು ಎತ್ತಿಕೊಂಡು ಹೋಗಿ ಗದಗಿನ ನಮ್ಮ ಓಣಿಯಲ್ಲಿ ಇಳಿಸುತ್ತದೆ. ಪಾಡ್ಯದ ಮರುದಿನ ಬೆಳಿಗ್ಗೆ ನಾವು ಹುಡುಗರೆಲ್ಲ ಕಸದಲ್ಲಿ ಹುಡುಕಿ, ತುಸ್ ಅಂದು ಮಲಗಿದ ಪಟಾಕಿಗಳನ್ನೆಲ್ಲ ಆರಿಸಿ, ಹೊಟ್ಟೆ ಬಗೆದು, ಮದ್ದನ್ನು ಹಳೆಯ ಪೇಪರಿನ ಮೇಲೆ ಗುಡ್ಡೆ ಹಾಕಿ ಕಡ್ಡಿ ಗೀರುತ್ತಿದ್ದೆವು. ಸುರ್ರ್! ಒಂದು ಸಲ ನನ್ನ ಹುಬ್ಬು ಹೋಗಿ, ಒಂದು ತಿಂಗಳು ಶಾಲೆಯಲ್ಲಿ ಎಲ್ಲರೂ ನನ್ನನ್ನು "ಬೋಳುಗಣ್ಣ" ಎಂದು ಕರೆದರು. ಬುದ್ಧಿ ಬರಬೇಕಾದದ್ದು ಆಗಲೇ.

ಗದಗಿಗೆ ಹೋದ ಮೇಲೆ ಅವ್ವನ ಜೊತೆ ಸಂತೆಗೆ ಹೋಗದೆ ಬರಲಾದೀತೇ? ನಾನು ಇವತ್ತು ಏನಾಗಿದ್ದೇನೋ ಅದೆಲ್ಲ ಅವ್ವನ ಕೈಚೀಲದ ಹಿಂದೆ ನಡೆದು ಕಲಿತದ್ದು. ಅರ್ಧ ಕಿಲೋ ಬದನೆಕಾಯಿ ತೂಗಿ, ತಕ್ಕಡಿ ಸಮ ನಿಂತು, ಚೀಲಕ್ಕೆ ಬಿದ್ದ ಮೇಲೂ ಅವ್ವ ಏಳುತ್ತಿರಲಿಲ್ಲ. ಚೀಲದ ಬಾಯಿ ತೆರೆದೇ ಹಿಡಿದು, "ಏ ಯವ್ವಾ, ಇಷ್ಟ ತಗೊಂಡೀನಿ, ಒಂದ ನಾಕ ಮೆಣಸಿನಕಾಯಿ, ಒಂದ ಕಡ್ಡಿ ಕರಿಬೇವು ಒಗಿ ಇಲ್ಲೆ," ಅನ್ನುತ್ತಿದ್ದಳು. "ನಿಮ್ಮ ಕೊಸರಿಗೇ ನನ್ನ ಬುಟ್ಟಿ ಖಾಲಿ ಆಗ್ತೈತ್ರೀ ಅಕ್ಕಾರ," ಎಂದು ಕಾಯಿಪಲ್ಲೆಯಾಕೆ ಗೊಣಗುತ್ತಲೇ ಹಾಕುತ್ತಿದ್ದಳು. ಕೊಸರು! ಅಳತೆ ಮುಗಿದ ಮೇಲೆ ಬರುವುದು. ಅಳತೆ ಬರೀ ವ್ಯಾಪಾರ, ಕೊಸರಿನಲ್ಲಿ ಪ್ರೀತಿ. ಹಾಗೆಂದು ನಾನು ಐವತ್ತೇಳು ವರ್ಷ ನಂಬಿದ್ದೆ. ಹಳೆಯ ಒಲೆ ಕೊಂಡರೆ ನಾಲ್ಕು ಬರ್ನರು ಕೊಸರು ಕೇಳುತ್ತೇನೆ. ಲಾಸ್ ಆಲ್ಟೋಸಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಎರಡು ಹಲ್ಲಿಗೆ ದುಡ್ಡು ಕೊಟ್ಟು ಮೂರನೆಯದನ್ನೂ ಹಾಗೇ ನೋಡಿಬಿಡಿ ಎಂದವನು ನಾನು. ನೋಡಿದರು ಕೂಡ.

ಈಗ ತಕ್ಕಡಿಗೆ ಬರೋಣ. ಡೇಲ್ ಅಜ್ಜ ಹಿಂದೊಮ್ಮೆ ಹೇಳಿದ್ದರು: "ಚಳಿಯಲ್ಲಿ ಮದ್ದು ಸೋಮಾರಿಯಾಗುತ್ತದೆ. ಗುಂಡು ಕೆಳಗೆ ಬೀಳುತ್ತದೆ. ಅಣ್ಣ ಪ್ರತಿ ಜನವರಿಯಲ್ಲೂ ಅದನ್ನೇ ಬೈಯುತ್ತಿದ್ದ." ಈ ಮಾತು ನನ್ನ ಕಿವಿಯಲ್ಲೇ ಇತ್ತು. ಪುಸ್ತಕದಲ್ಲಿ ಕೆಂಪು ಗೆರೆ ಎಳೆದ ಸಾಲನ್ನು ನೋಡಿ ತೂಗಿದೆ. ಮುಳ್ಳು ಸಮ ನಿಂತಿತು. ನಿಂತಿತೇ? ನನ್ನ ಹೆಬ್ಬೆರಳು, ತೋರುಬೆರಳು ತಾವಾಗಿಯೇ ಡಬ್ಬಿಗೆ ಹೋಗಿ, ಒಂದು ಚಿಟಿಕೆ ಮದ್ದು ತಂದು ಮೇಲೆ ಉದುರಿಸಿದವು. ಚಳಿಗಿರಲಿ, ಮುದುಕರಿಗಿರಲಿ ಎಂದು. ಮುಳ್ಳು ತಲೆಬಾಗಿತು. ಅವ್ವ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು. ಹೀಗೆ ಇಪ್ಪತ್ತೂ ತುಂಬಿ, ಗುರುವಾರ ಸಂಜೆ ಡೇಲ್ ಅಜ್ಜನ ಕೈಗೆ ಡಬ್ಬಿ ಕೊಟ್ಟುಬಂದೆ.

ಶನಿವಾರ ಸ್ಪರ್ಧೆ. ಅಜ್ಜ ಆರು ಗಂಟೆಗೇ ತಮ್ಮ ಟ್ರಕ್ಕಿನಲ್ಲಿ ಹೊರಟಿದ್ದರು. ನಾನು ಒಂಬತ್ತಕ್ಕೆ ಹೋಗಿ ಸೇರುವುದೆಂದು ಮಾತಾಗಿತ್ತು. ಏಳೂವರೆಗೆ ದೋಸೆ ತಿನ್ನುತ್ತ ಕೂತಿದ್ದೆ.

"ಏನ್ರೀ, ಇಷ್ಟೊಂದು ಖುಷಿಯಾಗಿದೀರ?" ಎಂದಳು ಶೈಲಾ.

"ಖುಷಿ ಇರದ ಏನು? ಅಜ್ಜಗ ಇವತ್ತು ಹತ್ತಕ್ಕ ಹತ್ತು ಬೀಳ್ತಾವ ನೋಡು. ಚಳಿ ಐತಿ ಅಂತ ಒಂದೊಂದರಾಗೂ ಒಂದೊಂದು ಚಿಟಿಕಿ ಕೊಸರು ಹಾಕೀನಿ."

ದೋಸೆ ಮಗುಚುತ್ತಿದ್ದ ಕೈ ನಿಂತಿತು. "ಏನು ಹಾಕಿದ್ರಿ?"

"ಕೊಸರು."

"ಅಳತೆ ಆದ್ಮೇಲಾ?"

"ಅಳತಿ ಆದಮ್ಯಾಲ ಹಾಕಿದ್ರ ತಾನ ಕೊಸರು!"

"ರೀ, ನಾನು ಫಾರ್ಮಸೀಲಿ ಕೂತು, ಪಾಪ ಚಳಿ ಇದೆ ಅಂತ ಬಿಪಿ ಮಾತ್ರೆ ಕೊಸರು ಹಾಕಿ ಕೊಟ್ರೆ ಏನಾಗುತ್ತೆ?"

"ಅದು ಬ್ಯಾರೆ, ಇದು ಬ್ಯಾರೆ."

"ಏನು ಬೇರೆ? ಆ ಪುಸ್ತಕ ತನ್ನಿ ಇಲ್ಲಿ."

ತಂದೆ. ಸ್ಟವ್ ಆರಿಸಿ, ಕನ್ನಡಕ ಹಾಕಿಕೊಂಡು, ಪಟ್ಟಿಯ ಮೇಲಿನಿಂದ ಕೆಳಗೆ ಬೆರಳಿಟ್ಟು ಬಂದಳು. ಕೆಂಪು ಗೆರೆಯ ಸಾಲು ಆ ಪಟ್ಟಿಯ ಕೊನೆಯ ಸಾಲು. ಅದರ ಕೆಳಗೆ ಬರೀ ಬಿಳಿ ಕಾಗದ. ಪಕ್ಕದಲ್ಲಿ ಅಜ್ಜನದೇ ಪುಟ್ಟ ಅಕ್ಷರ: 'ಅಣ್ಣನ ರೈಫಲ್ಲಿಗೆ ಇಷ್ಟು. ಹಳೆಯ ಉಕ್ಕು.' ನಾನು ಅದನ್ನು ನೋಡಿರಲಿಲ್ಲವೇ? ನೋಡಿದ್ದೆ. ಇಷ್ಟಾದರೂ ಹಾಕು ಎಂದು ಓದಿಕೊಂಡಿದ್ದೆ. ನನ್ನ ಕೊಸರು ಬಿದ್ದದ್ದು ಆ ಬಿಳಿ ಜಾಗದಲ್ಲಿ, ಯಾರೂ ಸಂಖ್ಯೆ ಬರೆಯಲು ಒಪ್ಪದ ಜಾಗದಲ್ಲಿ. ಮಿತಿ ಮೀರಿದ ಮದ್ದಿನ ಒತ್ತಡಕ್ಕೆ ಹಳೆಯ ಉಕ್ಕು ಸೀಳಿದರೆ, ಅದರ ಹಿಂದೆ ಕೆನ್ನೆಯಿಟ್ಟು ಕೂತಿರುವುದು ಡೇಲ್ ಅಜ್ಜನ ಮುಖ.

ಫೋನು ಹಚ್ಚಿದೆ. ಅಜ್ಜನ ಫೋನು ಯಾವಾಗಲೂ ಅವರ ಮನೆಯ ಫ್ರಿಜ್ಜಿನ ಮೇಲೆಯೇ ಇರುತ್ತದೆ, ಅಲ್ಲೇ ಬಡಿದುಕೊಂಡಿರಬೇಕು. ರೇಂಜಿನ ಆಫೀಸಿನಲ್ಲಿ ಯಾರೂ ಎತ್ತಲಿಲ್ಲ. ಕಾರಿನ ಕೀ ಹಿಡಿದು ಬಾಗಿಲಿಗೆ ಓಡಿದೆ.

"ಕೊಡಿ, ನಾನು ಓಡಿಸ್ತೀನಿ," ಎಂದಳು ಶೈಲಾ. ನೈಟಿಯ ಮೇಲೆ ಜಾಕೆಟ್ಟು, ಕಾಲಿಗೆ ಸಾಕ್ಸು, ಚಪ್ಪಲಿ.

ಹೊರಡುವ ಮುಂಚೆ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ. ಬರೀ ಕ್ಷಮೆ ಹಿಡಿದುಕೊಂಡು ಗಿರಾಕಿಯ ಹತ್ತಿರ ಹೋಗಬಾರದು, ಬಿಡಿಭಾಗವೂ ಕೈಯಲ್ಲಿರಬೇಕು ಎಂಬುದು ನನ್ನ ಧಂದೆಯ ನಿಯಮ. ತಕ್ಕಡಿ, ಕೈಪ್ರೆಸ್ಸು, ಅಚ್ಚು, ಸುತ್ತಿಗೆ, ಪುಸ್ತಕ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಡಿಕ್ಕಿಗೆ ಹಾಕಿದೆ.

ಆರುನೂರ ಎಂಬತ್ತನೇ ನಂಬರಿನ ಫ್ರೀವೇಯಲ್ಲಿ ಸುನೋಲಿನ ತನಕ ಮಂಜು. ಸದಾ ಬಲಗಡೆಯ ಲೇನಿನಲ್ಲಿ ಹಾಲಿನ ಪಾತ್ರೆ ಸಾಗಿಸುವವಳ ಹಾಗೆ ಹೋಗುವ ಶೈಲಾ ಆವತ್ತು ಎಡಗಡೆಯ ವೇಗದ ಲೇನು ಬಿಡಲಿಲ್ಲ. ನಾನು "ಜೋರು ಹೋಗು" ಎಂದರೆ "ಮಾತಾಡ್ಬೇಡಿ," ಸುಮ್ಮನಿದ್ದರೆ "ದಾರಿ ಹೇಳ್ರೀ!" ಗುಡ್ಡದ ರಸ್ತೆಯಲ್ಲಿ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಪಾರ್ಕಿಂಗು ಮುಟ್ಟಿದಾಗ ಕಣಿವೆಯ ಆ ಕಡೆಯಿಂದ ಮೊದಲ ಸದ್ದು ಕೇಳಿತು. ಢಂ. ಯಾರದು? ಕಾರು ನಿಲ್ಲುವ ಮೊದಲೇ ಇಳಿದು ಓಡಿದೆ.

ಸಾಲಾಗಿ, ರೈಫಲ್ಲನ್ನು ಊರಿ ಹೊಡೆಯುವ ಎಂಟು ಬೆಂಚು. ಮೂರನೆಯದರಲ್ಲಿ ಡೇಲ್ ಅಜ್ಜ, ಕೆಂಪು ಉಣ್ಣೆಯ ಟೋಪಿ, ಕೆನ್ನೆ ರೈಫಲ್ಲಿಗೆ ಒತ್ತಿದೆ, ಬೆರಳು ಮುಂದೆ ಹೋಗುತ್ತಿದೆ. ಅಪಾಯ ಕಂಡರೆ ಯಾರು ಬೇಕಾದರೂ 'ಸೀಸ್ ಫೈರ್' ಎಂದು ಕೂಗಬಹುದು, ಕೂಗಿದರೆ ಎಲ್ಲರೂ ನಿಲ್ಲಿಸಲೇಬೇಕು. ರೇಂಜಿನಲ್ಲಿ ಮೊದಲ ದಿನ ಕಲಿಸುವ ಪಾಠವೇ ಅದು; ಮನೆಗೆ ಬಂದು ಶೈಲಾಗೂ ಒಪ್ಪಿಸಿದ್ದೆ. ಇಪ್ಪತ್ತೆಂಟು ವರ್ಷ ಇಂಗ್ಲಿಷಿನಲ್ಲಿ ವ್ಯಾಪಾರ ಮಾಡಿದ ನನ್ನ ಬಾಯಿಗೆ ಆ ಎರಡು ಶಬ್ದ ಬರಲಿಲ್ಲ.

"ಏ ನಿಲ್ಲಸ್ರೀ! ಅಜ್ಜಾ, ಬ್ಯಾಡ! ಹೊಡಿಬ್ಯಾಡ್ರೀ!"

ಹಿಂದಿನಿಂದ ಚಪ್ಪಲಿಯ ಪಟಪಟ, ಆಮೇಲೆ ಫಾರ್ಮಸಿಯ ಕೌಂಟರಿನಲ್ಲಿ ಪಳಗಿದ ಕಂಠ: "ಸೀಸ್ ಫೈರ್!"

ಎಂಟೂ ಬೆಂಚು ನಿಂತವು. ಡೇಲ್ ಅಜ್ಜ ತಲೆಯೆತ್ತಿ, ನಿಧಾನವಾಗಿ ಬೋಲ್ಟು ಎಳೆದು, ತೋಟಾ ಹೊರಗೆ ತೆಗೆದು ನನ್ನ ಅಂಗೈಗೆ ಇಟ್ಟರು. ಇನ್ನೂ ಒಂದನ್ನೂ ಹಾರಿಸಿರಲಿಲ್ಲ. ತೋಟಾ ಬೆಚ್ಚಗಿತ್ತು. ಆ ಚಳಿಯಲ್ಲಿ ಬೆಚ್ಚಗೆ! ಮದ್ದು ಸೋಮಾರಿಯಾಗದಿರಲಿ ಎಂದು ಅಜ್ಜ ದಾರಿಯುದ್ದಕ್ಕೂ, ಸರದಿ ಬರುವ ತನಕವೂ ಡಬ್ಬಿಯನ್ನು ಟ್ರಕ್ಕಿನ ಹೀಟರಿನ ಗಾಳಿಗೆ ಇಟ್ಟುಕೊಂಡಿದ್ದರಂತೆ. ಕಾವಿಗೆ ಮದ್ದಿನ ಸಿಟ್ಟು ಏರುತ್ತದೆ. ಚಳಿಗೆಂದು ನಾನೊಂದು ಕೊಸರು ಹಾಕಿದ್ದೆ, ಚಳಿಗೆಂದು ಅವರೊಂದು ಕೊಸರು ಹಾಕಿದ್ದರು.

ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ.

"ಎಷ್ಟು ಹೆಚ್ಚು ಹಾಕಿದ್ದೀಯ?" ಎಂದು ಕೇಳಿದರು.

"ಗೊತ್ತಿಲ್ಲ."

ಆ ಉತ್ತರ ಹೇಳುವಾಗ ಆದ ನಾಚಿಕೆ ನನಗೆ ಯಾವ ಗಿರಾಕಿಯ ಮುಂದೆಯೂ ಆಗಿರಲಿಲ್ಲ. ಕೊಸರನ್ನು ಯಾರೂ ತೂಗುವುದಿಲ್ಲ; ತೂಗಿದರೆ ಅದು ಕೊಸರೇ ಅಲ್ಲ. ಅಜ್ಜನಿಗೆ ಆ ಪದದ ಅರ್ಥ ಬಿಡಿಸಿ ಹೇಳಬೇಕಾಯಿತು. ಸಂತೆ, ಅವ್ವ, ಮೆಣಸಿನಕಾಯಿ, ಎಲ್ಲ. ಅವರು ನನ್ನ ಅಂಗೈಯಿಂದ ತೋಟಾ ಎತ್ತಿ ಡಬ್ಬಿಗೆ ಹಾಕಿದರು.

"ನನ್ನಿಂದ ನೂರ ಎಪ್ಪತ್ತು ಡಾಲರ್ ಕಿತ್ತುಕೊಂಡವನು ನೀನು," ಎಂದರು. "ಜೀವಮಾನದಲ್ಲಿ ಒಂದು ಸಲ ಯಾರಿಗಾದರೂ ಬಿಟ್ಟಿಯಾಗಿ ಕೊಟ್ಟೆ. ಅದೂ ಇದನ್ನೇ ಕೊಡಬೇಕಿತ್ತೇ?" ಆಮೇಲೆ ರೈಫಲ್ಲಿನ ಮೇಲೆ ಕೈಯಾಡಿಸಿದರು. "ಹೋಗಲಿ. ಅಣ್ಣನಿಗೆ ಈ ವರ್ಷ ಇಲ್ಲ ಅಂತಾಯಿತು."

"ಇಲ್ಲ ಅಂತ ಆಗ್ಬಾರ್ದು," ಎಂದಳು ಶೈಲಾ ಕನ್ನಡದಲ್ಲಿ, ನನ್ನ ಕಡೆ ತಿರುಗಿ. "ಪೆಟ್ಟಿಗೆ ತಂದಿದೀರಲ್ಲ, ತೆಗೀರಿ."

ಈಗ ನನ್ನೊಳಗಿನ ವ್ಯಾಪಾರಿ ಎದ್ದ. ರೇಂಜಿನ ಮೇಲ್ವಿಚಾರಕನನ್ನು ಹಿಡಿದು, ಡೇಲ್ ಅಜ್ಜನ ಸರದಿಯನ್ನು ಮೊದಲ ತಂಡದಿಂದ ಕೊನೆಯ ತಂಡಕ್ಕೆ ಹಾಕಿಸಿಕೊಂಡೆ. ಪಾರ್ಕಿಂಗಿನ ಆ ತುದಿಯಲ್ಲಿ ಕೂತು ತುಂಬಿಕೊಳ್ಳಲು ಒಪ್ಪಿಸಿದೆ. ಗುರಿ ನೋಡಲು ಐದು, ಸ್ಪರ್ಧೆಗೆ ಹತ್ತು, ಒಟ್ಟು ಹದಿನೈದು ಬೇಕು. ಎರಡೂವರೆ ಗಂಟೆ ಸಮಯ.

ತೋಟಾಗಳನ್ನು ಮೊದಲು ಪೂರ್ತಿ ತಣಿಯಲು ಬಿಟ್ಟೆವು. ಆಮೇಲೆ ನಾನು ಹೊರಗೆ ಮರದ ಕೊರಡಿನ ಮುಂದೆ ಕೂತು, ಇಪ್ಪತ್ತನ್ನೂ ಒಂದೊಂದಾಗಿ ಆ ಟೊಳ್ಳು ಪ್ಲಾಸ್ಟಿಕ್ ಸುತ್ತಿಗೆಯೊಳಗೆ ಸಿಕ್ಕಿಸಿ ಬಡಿದೆ. ಆ ಸುತ್ತಿಗೆ ಇರುವುದೇ ಅದಕ್ಕೆ: ನಾಲ್ಕು ಏಟಿಗೆ ಗುಂಡೂ ಮದ್ದೂ ಕಳಚಿ ಒಳಗೆ ಬೀಳುತ್ತವೆ. ಕಾರಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯ ಮುಚ್ಚಳದ ಮೇಲೆ ತಕ್ಕಡಿ. ಎಂಜಿನ್ನು ಬಂದ್, ಹೀಟರು ಬಂದ್, ಕಿಟಕಿ ಬಂದ್, ಏಕೆಂದರೆ ಉಸಿರು ಬಿಟ್ಟರೂ ಮುಳ್ಳು ಅಲುಗುತ್ತದೆ. ಶೈಲಾ ಮೂಗಿಗೆ ಶಾಲು ಕಟ್ಟಿಕೊಂಡು ತೂಗಿದಳು. ಅಜ್ಜ ಮುಂದಿನ ಸೀಟಿನಿಂದ ಕತ್ತು ತಿರುಗಿಸಿ ಪುಸ್ತಕದ ಅಂಕಿ ಓದಿದರು. ಮಿಕ್ಕ ಮದ್ದನ್ನು ಒಂದು ಕಾಗದಕ್ಕೆ ಉದುರಿಸಿ, ಸರಿಯಾದದ್ದನ್ನು ನಾನು ಕೊಳವೆಗೆ ಸುರಿದು, ಗುಂಡು ಕೂರಿಸಿ ಒತ್ತಿದೆ.

"ಇನ್ನೆರಡು ಕಾಳು ತೆಗೀರಿ," ಎಂದಳು.

"ಎರಡ ಕಾಳಿಗೆ ಏನಾಗ್ತದ ಬಿಡು."

"ತೆಗೀರಿ ಅಂದೆ."

"ಏನು ಜಗಳ?" ಎಂದರು ಅಜ್ಜ.

"ಎರಡು ಕಾಳಿನದು," ಎಂದೆ.

"ಆಕೆ ಹೇಳಿದಂತೆ ಮಾಡು," ಎಂದರು.

ಹನ್ನೊಂದೂವರೆಗೆ ಅಜ್ಜ ಬೆಂಚಿಗೆ ಹೋದರು. ಮೊದಲ ಮೂರು ಗುಂಡು ಅವರು ಹೇಳಿದ್ದ ಹಾಗೆಯೇ ಕಪ್ಪು ವೃತ್ತದ ಕೆಳಗೆ ಬಿದ್ದವು, ಆದರೆ ಮೂರೂ ಒತ್ತೊತ್ತಾಗಿ. ನಾನು ಅಂದುಕೊಂಡೆ: ನೋಡು, ಚಳಿ, ಸೋಮಾರಿ ಮದ್ದು! ಅಜ್ಜ ಏನು ಮಾಡಿದರು ಗೊತ್ತೇ? ನಳಿಕೆಯ ಮೇಲಿನ ಗುರಿಪಟ್ಟಿಯನ್ನು ಹೆಬ್ಬೆರಳಿನಿಂದ ಒಂದು ಗೆರೆ ಮೇಲಕ್ಕೆ ಸರಿಸಿದರು. ಅಷ್ಟೇ. ಮುಂದಿನ ಎರಡು ನಡುಮಧ್ಯ. ಚಳಿಗೆ ಬೇಕಾದ ಕೊಸರು ಆ ಒಂದು ಗೆರೆ; ಮದ್ದಿನಲ್ಲಲ್ಲ, ನೋಟದಲ್ಲಿ.

ಹತ್ತರಲ್ಲಿ ಏಳು ಕಪ್ಪಿನೊಳಗೆ. ಬಹುಮಾನ ಬರಲಿಲ್ಲ. ಅಣ್ಣ ಯಾವತ್ತೂ ಆರರ ಮೇಲೆ ಹೋಗಿರಲಿಲ್ಲ ಎಂದು ಹೇಳಿ ಅಜ್ಜ ಮೂಗು ಒರೆಸಿಕೊಂಡರು, ಚಳಿಗೇ ಇರಬೇಕು. ಹದಿನೈದು ಚಿಟಿಕೆ ಕೊಸರನ್ನು ಒಟ್ಟಾಗಿ ತೂಗಿದರೆ ಇನ್ನೊಂದು ತೋಟಾಕ್ಕೆ ಹೆಚ್ಚು ಕಡಿಮೆ ಸಾಕಾಗುವಷ್ಟಿತ್ತು. ಮೇಲ್ವಿಚಾರಕ ತೋರಿಸಿದ ಬರಿನೆಲದ ಮೇಲೆ ಅದನ್ನೂ ಮಿಕ್ಕ ಐದು ತೋಟಾದ ಮದ್ದನ್ನೂ ತೆಳ್ಳಗೆ ಹರಡಿ, ಉದ್ದ ಕಡ್ಡಿಯಿಂದ ಹೊತ್ತಿಸಿದೆವು. ಸುರ್ರ್! ನಾನು ಹುಬ್ಬು ಮುಟ್ಟಿ ನೋಡಿಕೊಂಡೆ. ಇತ್ತು.

ಹೊರಡುವಾಗ ಡೇಲ್ ಅಜ್ಜ ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಆಮೇಲೆ ಜೇಬಿನಿಂದ ಹದಿನೈದು ಖಾಲಿ ಹಿತ್ತಾಳೆ ಕೊಳವೆಗಳನ್ನು ತೆಗೆದು, ಒಂದೊಂದಾಗಿ ಎಣಿಸಿ ನನ್ನ ಬೊಗಸೆಗೆ ಹಾಕಿದರು.

"ಮುಂದಿನ ಜನವರಿಗೆ," ಎಂದರು. "ತೂಗುವುದು ಆಕೆ."

ಈಗ ನಿಮಗೆ ನಾಲ್ಕು ಮಾತು, ದುಡ್ಡಿಲ್ಲದೆ. ಹಳೆಯ ಸಾಮಾನು ಕೊಳ್ಳಿ, ಧಾರಾಳವಾಗಿ ಚೌಕಾಸಿ ಮಾಡಿ. ಆದರೆ ಮಾರಿದವರು ಪುಸ್ತಕದ ಅಂಚಿನಲ್ಲಿ ಬರೆದದ್ದನ್ನು ಬೆಲೆಗಿಂತ ಮೊದಲು ಓದಿ. ಚಳಿಯಲ್ಲಿ ಹಿತ್ತಾಳೆಯನ್ನೂ ತಕ್ಕಡಿಯನ್ನೂ ಒಂದೇ ಜಾಗದಲ್ಲಿ ಒಂದು ರಾತ್ರಿ ಇರಲು ಬಿಡಿ, ತಣ್ಣನೆಯ ಕಡೆಯಿಂದ ಬೆಚ್ಚಗಿನ ಕಡೆಗೆ ಓಡಾಡಿಸಬೇಡಿ. ಓವನ್ನಿನ ದೀಪದ ಕಾವು ಹಿಟ್ಟಿಗಷ್ಟೇ. ತುಂಬಿದ ತೋಟಾವನ್ನು ಹೀಟರಿನ ಮುಂದೆ ಇಡಬೇಡಿ, ಮುದುಕರು ಇಟ್ಟುಕೊಳ್ಳುತ್ತಾರೇನೋ ಕೇಳಿ. ಒಂದರ ಮೇಲೆ ಅನುಮಾನ ಬಂದರೆ ಇಪ್ಪತ್ತನ್ನೂ ಬಿಚ್ಚಿ; ಬೆರಳು ನೊಂದರೆ ನೋಯಲಿ. ತೂಗುವ ಹೊತ್ತಿಗೆ ನಿಮ್ಮ ಮಾತಿಗೆ ಜಗ್ಗದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮನೆಯಲ್ಲೇ ಇರುತ್ತಾರೆ. ಮುಳ್ಳು ಸಮ ನಿಂತಿತೋ, ಕೈ ಕಟ್ಟಿ ಕೂತುಬಿಡಿ. ಕೊಸರು ಬೇಕೇಬೇಕು ಅನ್ನಿಸಿದರೆ ಕೊತ್ತಂಬರಿ ಸೊಪ್ಪಿನವರ ಹತ್ತಿರ ಹೋಗಿ ಕೇಳಿ. ಅಲ್ಲಿ ಎರಡು ಸಲ ಕೇಳಿ, ನಾಚಬೇಡಿ.